ಹಾಡು ಕಟ್ಟಿದವರ ಹಕ್ಕು



ನಮ್ಮ ನಾಡಿನಲ್ಲಿ ಹಾಡು ಕೇಳುವವರಿಗೆ ಬರವಿಲ್ಲ. ಹಾಡಿದವರ ಹೆಸರನ್ನು ನೆನಪಿಡುವವರೂ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಆ ಹಾಡಿನ ಸಾಹಿತ್ಯ ಯಾರದು, ಅದಕ್ಕೆ ಧಾಟಿ ಕೂಡಿಸಿದವರು ಯಾರು ಎಂದು ಕೇಳುವವರು ಮಾತ್ರ ವಿರಳ. ನಿಮ್ಮಲ್ಲಿ ಹಲವರು ಈಗ ಸ್ವಂತ ಹಾಡುಗಳನ್ನು ಕಟ್ಟುತ್ತಿದ್ದೀರಿ. ಮನೆಯ ಕೋಣೆಯಲ್ಲೇ ಧ್ವನಿಮುದ್ರಿಸಿ ಯೂಟ್ಯೂಬಿಗೆ ಏರಿಸುತ್ತೀರಿ, ನನಗೂ ಕಳುಹಿಸುತ್ತೀರಿ. ನಾನು ಸಂತೋಷದಿಂದ ಕೇಳುತ್ತೇನೆ. ಜೊತೆಗೆ ತಪ್ಪದೆ ಒಂದು ಪ್ರಶ್ನೆಯೂ ಬರುತ್ತದೆ: "ಸಾರ್, ಈ ಹಾಡಿಗೆ ಕಾಪಿರೈಟ್ ಮಾಡಿಸುವುದು ಹೇಗೆ? ಎಷ್ಟು ಖರ್ಚಾಗುತ್ತದೆ?"

ನಾನು ವಕೀಲನಲ್ಲ, ಕನ್ನಡ ಮೇಷ್ಟ್ರು. ಆದರೂ ಈ ಪ್ರಶ್ನೆ ಮತ್ತೆ ಮತ್ತೆ ಬಂದದ್ದರಿಂದ ಕಾಯಿದೆಯ ಪುಸ್ತಕವನ್ನು ತಂದು, ವ್ಯಾಕರಣದ ಸೂತ್ರಗಳನ್ನು ಓದುವಂತೆ ಒಂದೊಂದು ಕಲಮನ್ನೂ ಓದಿದೆ. ಓದಿದ ಮೇಲೆ ಮೂಡಿದ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೃತಿಸ್ವಾಮ್ಯವನ್ನು ಯಾರೂ ನಮಗೆ ಮಾಡಿಸಿಕೊಡಬೇಕಾಗಿಲ್ಲ. ಅದು ಹಾಡಿನ ಜೊತೆಗೇ ಹುಟ್ಟುತ್ತದೆ. ನಮ್ಮ ಹಾಡುಗಾರರು ಅದನ್ನು ಕಳೆದುಕೊಳ್ಳುವುದಕ್ಕೆ ಮುಖ್ಯವಾದ ಕಾರಣಗಳು ಎರಡು. ಒಂದು, ಹಾಡು ತಮ್ಮದೆಂಬುದಕ್ಕೆ ಪುರಾವೆ ಇಟ್ಟುಕೊಳ್ಳದಿರುವುದು. ಇನ್ನೊಂದು, ಓದದೆ ಸಹಿ ಹಾಕುವುದು.

ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆ 1957ರದು. ಜಾರಿಗೆ ಬಂದದ್ದು 1958ರ ಜನವರಿಯಲ್ಲಿ. ಅದರ ಪ್ರಕಾರ ನೋಂದಣಿ ಕಡ್ಡಾಯವಲ್ಲ. ಸ್ವಂತವಾಗಿ ರಚಿಸಿದ ಹಾಡನ್ನು ಬರೆದಿಟ್ಟರೂ ಸಾಕು, ಹಾಡಿ ಮುದ್ರಿಸಿಟ್ಟರೂ ಸಾಕು, ಹಕ್ಕು ಬಂದಂತೆಯೇ. ಹಿಂದೆ ಹೀಗಿರಲಿಲ್ಲ. ಸ್ವರಲಿಪಿಯಲ್ಲಿ ಬರೆದಿಟ್ಟ ಸಂಗೀತವನ್ನು ಮಾತ್ರ ಕಾಯಿದೆ ಸಂಗೀತಕೃತಿಯೆಂದು ಒಪ್ಪುತ್ತಿತ್ತು. ಬಾಯಿಂದ ಬಾಯಿಗೆ ಕಲಿಸುವ ನಮ್ಮ ಪದ್ಧತಿಗೆ ಅದು ಎಂಥ ಅನ್ಯಾಯವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. 1994ರ ತಿದ್ದುಪಡಿ ಆ ನಿರ್ಬಂಧವನ್ನು ತೆಗೆದುಹಾಕಿತು. ಭಾರತವು ಬರ್ನ್ ಒಪ್ಪಂದಕ್ಕೆ 1928ರಿಂದಲೂ ಸೇರಿರುವ ಕಾರಣ, ಇಲ್ಲಿ ಹುಟ್ಟಿದ ಹಾಡಿಗೆ ಆ ಒಪ್ಪಂದದ ಇತರ ದೇಶಗಳಲ್ಲಿಯೂ ರಕ್ಷಣೆ ಉಂಟು.

ಮುಂದಿನ ಮಾತನ್ನು ತರಗತಿಯಲ್ಲಿ ಸಮಾಸ ಬಿಡಿಸುವಾಗಿನ ತಾಳ್ಮೆಯಿಂದ ಕೇಳಬೇಕು. ನಮ್ಮ ಕಿವಿಗೆ ಹಾಡು ಒಂದೇ ವಸ್ತು. ಕಾಯಿದೆಯ ಕಣ್ಣಿಗೆ ಅದು ಮೂರು. ಪದಗಳು ಸಾಹಿತ್ಯಕೃತಿ, ಅದರ ಹಕ್ಕು ಬರೆದವರದು. ಧಾಟಿ ಸಂಗೀತಕೃತಿ, ಅದರ ಹಕ್ಕು ರಾಗ ಸಂಯೋಜಿಸಿದವರದು. ಮುದ್ರಿಸಿದ ಧ್ವನಿ ಮೂರನೆಯದು. ಅದರ ಹಕ್ಕು ಮುದ್ರಣದ ಹೊಣೆ ಹೊತ್ತು ಮಾಡಿಸಿದ ನಿರ್ಮಾಪಕರದು. ನೀವೇ ಹಣ ಹಾಕಿ, ನೀವೇ ಮುಂದೆ ನಿಂತು ಮುದ್ರಿಸಿದರೆ ಆ ನಿರ್ಮಾಪಕರು ನೀವೇ; ಬಾಡಿಗೆ ಪಡೆದ ಸ್ಟುಡಿಯೋದವರಲ್ಲ. ಇವುಗಳ ಜೊತೆಗೆ ಹಾಡಿದ, ನುಡಿಸಿದ ಕಲಾವಿದರಿಗೂ ಪ್ರತ್ಯೇಕವಾದ ಹಕ್ಕಿದೆ.

ನಮ್ಮ ನಾಡಗೀತೆಯನ್ನೇ ನೋಡಿ. ಕುವೆಂಪು ಅವರ ಕವನ ಒಂದೇ. ಅದಕ್ಕೆ ಮೈಸೂರು ಅನಂತಸ್ವಾಮಿಯವರ ಧಾಟಿಯೂ ಇತ್ತು, ಸಿ. ಅಶ್ವತ್ಥ್ ಅವರ ಧಾಟಿಯೂ ಇತ್ತು. ಯಾವುದನ್ನು ಹಾಡಬೇಕೆಂಬ ಚರ್ಚೆ ವರ್ಷಗಟ್ಟಲೆ ನಡೆದು, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡುಗಳ ಅವಧಿಯನ್ನೂ ನಿಗದಿಮಾಡಿತು. ಆ ಚರ್ಚೆ ಹಕ್ಕಿನದಲ್ಲ. ಆದರೆ ಪದ ಬೇರೆ, ಧಾಟಿ ಬೇರೆ ಎಂಬುದನ್ನು ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಈ ವ್ಯತ್ಯಾಸ ಭಾವಗೀತೆ ಹಾಡುವವರಿಗೆ ಬಹಳ ಮುಖ್ಯ. ಪದಗಳ ಮತ್ತು ಧಾಟಿಯ ಹಕ್ಕು ರಚಿಸಿದವರ ಜೀವಿತಾವಧಿಗೂ, ಅವರು ತೀರಿಕೊಂಡ ವರ್ಷದ ಮುಂದಿನ ವರ್ಷದಿಂದ 60 ವರ್ಷಗಳಿಗೂ ಇರುತ್ತದೆ. ಮೊದಲು 50 ವರ್ಷವಿತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುವ ಸಂದರ್ಭ ಬಂದಾಗ, 1992ರಲ್ಲಿ, ಅದನ್ನು 60ಕ್ಕೆ ಏರಿಸಲಾಯಿತು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಆದ್ದರಿಂದ ಅವರು ಬಾಳಿದ್ದಾಗ ಪ್ರಕಟವಾದ ಕವನಗಳ ಹಕ್ಕು 2041ರ ಕೊನೆಯವರೆಗೆ ಇರುತ್ತದೆ. ಕುವೆಂಪು ಅವರು ಅಗಲಿದ್ದು 1994ರಲ್ಲಿ. ಅವರ ಕವನಗಳಿಗೆ 2054ರವರೆಗೆ. ನೀವು ಬೇಂದ್ರೆಯವರ ಕವನಕ್ಕೆ ಹೊಸ ಧಾಟಿ ಕೂಡಿಸಿದರೆ ಧಾಟಿ ನಿಮ್ಮದು, ಪದಗಳು ನಿಮ್ಮವಲ್ಲ. ಹಕ್ಕುದಾರರ ಒಪ್ಪಿಗೆ ಪಡೆಯಲೇಬೇಕು. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ತತ್ತ್ವಪದಗಳು ಎಲ್ಲರ ಸೊತ್ತು. ಆದರೆ ಆ ಪದಗಳಿಗೆ ಅಶ್ವತ್ಥ್ ಅವರು ಕೂಡಿಸಿದ ಧಾಟಿಗಳು ಎಲ್ಲರ ಸೊತ್ತಲ್ಲ. ಅವರು 2009ರಲ್ಲಿ ನಿಧನರಾದದ್ದರಿಂದ ಆ ಧಾಟಿಗಳ ಹಕ್ಕು 2069ರವರೆಗೆ ಉಳಿಯುತ್ತದೆ. "ಶರೀಫಜ್ಜನ ಹಾಡು ತಾನೇ, ಯಾರನ್ನು ಕೇಳಬೇಕು?" ಎನ್ನುವವರು ಇದನ್ನು ಗಮನಿಸಬೇಕು.

ಹಾಗೆಯೇ ಯಾರಿಗೂ ಸೇರದ ಸಂಗತಿಗಳೂ ಇವೆ. ರಾಗ, ತಾಳ, ಷಟ್ಪದಿಯ ನಡೆ, ಜನಪದರು ತಲೆತಲಾಂತರದಿಂದ ಹಾಡಿಕೊಂಡು ಬಂದ ಮಟ್ಟುಗಳು, ಇವುಗಳಿಗೆ ಒಡೆಯರಿಲ್ಲ. ಮೋಹನವನ್ನಾಗಲಿ ಕಲ್ಯಾಣಿಯನ್ನಾಗಲಿ ಯಾರೂ ತಮ್ಮ ಹೆಸರಿಗೆ ಬರೆಸಿಕೊಳ್ಳಲಾರರು. ಆ ರಾಗದೊಳಗೆ ನೀವು ನಡೆದ ದಾರಿ, ಸ್ವರಗಳನ್ನು ಜೋಡಿಸಿದ ಬಗೆ ಮಾತ್ರ ನಿಮ್ಮದು. ರಾಗ ಎಲ್ಲಿ ಮುಗಿಯಿತು, ರಚನೆ ಎಲ್ಲಿ ಆರಂಭವಾಯಿತು ಎಂಬುದೇ ಹೆಚ್ಚಿನ ವ್ಯಾಜ್ಯಗಳ ತಿರುಳು. 2022ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ನಮ್ಮ 'ಕಾಂತಾರ' ಚಿತ್ರದ 'ವರಾಹ ರೂಪಂ' ಹಾಡು ತಮ್ಮ 'ನವರಸಂ' ಹಾಡನ್ನು ಹೋಲುತ್ತದೆಂದು ಕೇರಳದ ತೈಕ್ಕುಡಂ ಬ್ರಿಡ್ಜ್ ಎಂಬ ತಂಡ ಆಕ್ಷೇಪಿಸಿದ್ದು ನಿಮಗೆ ನೆನಪಿರಬಹುದು. ಚಿತ್ರದವರು ಆರೋಪವನ್ನು ಒಪ್ಪಲಿಲ್ಲ. ಹೋಲಿಕೆ ಕಂಡರೆ ಅದು ರಾಗದಿಂದ ಬಂದದ್ದೆಂದರು. ಆ ಅಕ್ಟೋಬರಿನಲ್ಲಿ ಕೋಳಿಕ್ಕೋಡಿನ ನ್ಯಾಯಾಲಯ ತಾತ್ಕಾಲಿಕ ತಡೆಯಾಜ್ಞೆ ನೀಡಿತು. ಮುಂದೆ ವಿಷಯ ಮೇಲಿನ ನ್ಯಾಯಾಲಯಗಳವರೆಗೂ ಹೋಯಿತು. ಯಾರು ಸರಿ ಎಂದು ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ನಾಡೆಲ್ಲ ಮೆಚ್ಚಿದ ಚಿತ್ರದ ಎದುರು ಚಲನಚಿತ್ರದ ನೆರಳಿಲ್ಲದ ಒಂದು ಸಂಗೀತ ತಂಡ ನಿಂತು ಕೇಳಲು ಸಾಧ್ಯವಾಯಿತು ಎಂಬುದಷ್ಟೇ ನನ್ನ ಮಾತು. ಅದು ಸಾಧ್ಯವಾದದ್ದು, ತಮ್ಮ ಹಾಡು ಮೊದಲೇ ಪ್ರಕಟವಾಗಿತ್ತೆಂದು ತೋರಿಸಲು ಅವರ ಕೈಯಲ್ಲಿ ದಾಖಲೆ ಇದ್ದುದರಿಂದ.

ದಾಖಲೆಯ ಬೆಲೆ ಎಷ್ಟೆಂಬುದಕ್ಕೆ ಇನ್ನೊಂದು ಪ್ರಕರಣವನ್ನು ನೋಡೋಣ. 2023ರ 'ಪೊನ್ನಿಯಿನ್ ಸೆಲ್ವನ್ 2' ಚಿತ್ರಕ್ಕೆ ಎ. ಆರ್. ರೆಹಮಾನ್ ಅವರು ಸಂಯೋಜಿಸಿದ ಒಂದು ಹಾಡು ತಮ್ಮ ತಂದೆ ಮತ್ತು ತಂದೆಯ ಸಹೋದರ ರಚಿಸಿದ 'ಶಿವಸ್ತುತಿ'ಯನ್ನು ಆಧರಿಸಿದೆ ಎಂದು ಧ್ರುಪದ ಗಾಯಕ ಫೈಯಾಜ್ ವಾಸಿಫುದ್ದೀನ್ ಡಾಗರ್ ಅವರು ದೆಹಲಿ ಉಚ್ಚ ನ್ಯಾಯಾಲಯಕ್ಕೆ ಹೋದರು. 2025ರ ಏಪ್ರಿಲಿನಲ್ಲಿ ಏಕಸದಸ್ಯ ಪೀಠ ಅವರ ಪರವಾಗಿ ಮಧ್ಯಂತರ ಆದೇಶ ನೀಡಿ, 2 ಕೋಟಿ ರೂಪಾಯಿ ಠೇವಣಿ ಇಡುವಂತೆ ಹೇಳಿತು. ಅದೇ ಸೆಪ್ಟೆಂಬರಿನಲ್ಲಿ ವಿಭಾಗೀಯ ಪೀಠ ಆ ಆದೇಶವನ್ನು ರದ್ದುಪಡಿಸಿತು. ಹಾಡಿದವರೆಂಬ ಮಾತ್ರಕ್ಕೆ ರಚಿಸಿದವರೂ ಅವರೇ ಎಂದು ಊಹಿಸಲಾಗದು ಎಂಬುದು ಅದರ ಮುಖ್ಯ ಕಾರಣ. ಅಂಥ ದೊಡ್ಡ ಮನೆತನಕ್ಕೇ ಈ ಪ್ರಶ್ನೆ ಎದುರಾಯಿತೆಂದರೆ, ನಮ್ಮ ನಿಮ್ಮಂಥವರ ಪಾಡೇನು? ಗುರುಮುಖದಿಂದ ಕಲಿಯುವ ಪರಂಪರೆ ನಮ್ಮ ಹೆಮ್ಮೆ, ನಿಜ; ನ್ಯಾಯಾಲಯ ಮಾತ್ರ ಕಾಗದವನ್ನು ಕೇಳುತ್ತದೆ.

ಆದ್ದರಿಂದ ಹಾಡು ಕಟ್ಟುವ ಪ್ರತಿಯೊಬ್ಬರೂ ಒಂದು ಗಟ್ಟಿ ರಟ್ಟಿನ ಪುಸ್ತಕವನ್ನು ಇಟ್ಟುಕೊಳ್ಳಬೇಕೆಂದು ನನ್ನ ಸಲಹೆ. ಪದಗಳ ಮೊದಲ ಕರಡು, ಹೊಡೆದುಹಾಕಿದ ಸಾಲುಗಳ ಸಮೇತ, ಅದರಲ್ಲಿರಲಿ, ಪಕ್ಕದಲ್ಲಿ ದಿನಾಂಕವಿರಲಿ. ಬರುವಷ್ಟರ ಮಟ್ಟಿಗೆ ಸರಿಗಮದಲ್ಲಿ ಸ್ವರಗಳನ್ನು ಬರೆದಿಡಿ. ದೂರವಾಣಿಯಲ್ಲಿ ಗುನುಗಿ ಮುದ್ರಿಸಿದ ಮೊದಲ ಧ್ವನಿಯನ್ನು ಅಳಿಸಬೇಡಿ; ಅದನ್ನು ಇ-ಮೇಲಿನಲ್ಲಿ ನಿಮಗೇ ಕಳುಹಿಸಿಕೊಳ್ಳಿ. ಹಾಡನ್ನು ಲಕೋಟೆಯಲ್ಲಿಟ್ಟು ತಮಗೇ ರಿಜಿಸ್ಟರ್ ಅಂಚೆ ಮಾಡಿಕೊಂಡು ಒಡೆಯದೆ ಇಟ್ಟರೆ ಕಾಪಿರೈಟ್ ಸಿಕ್ಕಂತೆ ಎಂಬ ನಂಬಿಕೆಯೊಂದು ಹಲವರಲ್ಲಿದೆ. ಅದರಿಂದ ಹೊಸ ಹಕ್ಕೇನೂ ಬರುವುದಿಲ್ಲ. ಅಂಟಿಸದ ಖಾಲಿ ಲಕೋಟೆಯನ್ನೂ ಅಂಚೆಗೆ ಹಾಕಬಹುದಾದ್ದರಿಂದ ಪುರಾವೆಯಾಗಿಯೂ ಅದು ದುರ್ಬಲವೇ.

ನೋಂದಣಿಯ ಪ್ರಯೋಜನ ಇರುವುದು ಇಲ್ಲಿಯೇ. ಅದು ಹಕ್ಕನ್ನು ಹುಟ್ಟಿಸುವುದಿಲ್ಲ. ಆದರೆ ಕೃತಿಸ್ವಾಮ್ಯ ಕಚೇರಿಯ ದಾಖಲೆ ಪುಸ್ತಕದಲ್ಲಿ ಬರೆದದ್ದನ್ನು ನ್ಯಾಯಾಲಯ ಮೇಲ್ನೋಟದ ಸಾಕ್ಷ್ಯವೆಂದು ಸ್ವೀಕರಿಸುತ್ತದೆ. ಅಲ್ಲಗಳೆಯುವ ಹೊರೆ ಎದುರಾಳಿಯ ಮೇಲೆ ಬೀಳುತ್ತದೆ. ಕಚೇರಿ ಇರುವುದು ದೆಹಲಿಯಲ್ಲಾದರೂ ಅರ್ಜಿಯನ್ನು ಮನೆಯಿಂದಲೇ ಅಂತರಜಾಲದ ಮೂಲಕ ಸಲ್ಲಿಸಬಹುದು. ಅದಕ್ಕೆ 14ನೆಯ ನಮೂನೆ ಎಂದು ಹೆಸರು. 2013ರ ನಿಯಮಗಳು ಗೊತ್ತುಪಡಿಸಿದ ಶುಲ್ಕ ಸಾಹಿತ್ಯಕೃತಿಗೆ 500 ರೂಪಾಯಿ, ಸಂಗೀತಕೃತಿಗೆ 500 ರೂಪಾಯಿ, ಧ್ವನಿಮುದ್ರಣಕ್ಕೆ 2000 ರೂಪಾಯಿ. ಪದ ಮತ್ತು ಧಾಟಿ ಬೇರೆ ಬೇರೆ ಕೃತಿಗಳಾದ್ದರಿಂದ ಅರ್ಜಿಗಳೂ ಬೇರೆ ಬೇರೆ. ರಚನೆಯಲ್ಲಿ ಇನ್ನೊಬ್ಬರ ಪಾಲಿದ್ದರೆ ಅವರ ನಿರಾಕ್ಷೇಪಣಾ ಪತ್ರವನ್ನೂ ಲಗತ್ತಿಸಬೇಕು. ಅರ್ಜಿ ಸಲ್ಲಿಸಿದೊಡನೆ ಡೈರಿ ಸಂಖ್ಯೆ ದೊರೆಯುತ್ತದೆ. ಆಮೇಲೆ ಯಾರಾದರೂ ಆಕ್ಷೇಪಿಸುವರೇ ಎಂದು 30 ದಿನ ಕಾಯುತ್ತಾರೆ. ಆಕ್ಷೇಪ ಬಂದರೆ ಇಬ್ಬರ ವಾದವನ್ನೂ ಕೇಳುತ್ತಾರೆ; ಬಾರದಿದ್ದರೆ ಪರಿಶೀಲಿಸಿ ನೋಂದಾಯಿಸುತ್ತಾರೆ. ನಡುವೆ ಮಧ್ಯವರ್ತಿಗಳಿಗೆ ಸಾವಿರಾರು ರೂಪಾಯಿ ತೆರುವ ಅಗತ್ಯ ನನಗಂತೂ ಕಾಣದು.

ಹಾಗೆಂದು ಗುನುಗಿದ್ದನ್ನೆಲ್ಲ ನೋಂದಾಯಿಸುತ್ತ ಕೂರಬೇಕಾಗಿಲ್ಲ. ನಾಲ್ಕು ಜನ ಮೆಚ್ಚಿ ಹಾಡತೊಡಗಿದ ಹಾಡು, ಚಲನಚಿತ್ರಕ್ಕೋ ಜಾಹೀರಾತಿಗೋ ಬೇಕೆಂದು ಯಾರಾದರೂ ಕೇಳಿದ ಹಾಡು, ಇವನ್ನು ತಡಮಾಡದೆ ನೋಂದಾಯಿಸಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ.

ಇನ್ನು ಸಹಿಯ ವಿಷಯ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎಂಟು ಭಕ್ತಿಗೀತೆಗಳನ್ನು ತಾನೇ ಬರೆದು, ತಾನೇ ರಾಗ ಹಾಕಿ, 2016ರಲ್ಲಿ ಒಂದು ಧ್ವನಿಮುದ್ರಣ ಸಂಸ್ಥೆಗೆ ಕೊಟ್ಟಳು. ಇಂಗ್ಲಿಷಿನಲ್ಲಿದ್ದ ಎರಡು ಪುಟಗಳ ಕರಾರಿಗೆ ಸಹಿ ಹಾಕಿ, ಒಂದು ಸಣ್ಣ ಮೊತ್ತವನ್ನು ಪಡೆದು ಸಂತೋಷಪಟ್ಟಳು. ಮೂರು ವರ್ಷಗಳ ತರುವಾಯ ತನ್ನೂರಿನ ದೇವಸ್ಥಾನದಲ್ಲಿ ತಾನೇ ಹಾಡಿದ ಅದೇ ಗೀತೆಯನ್ನು ಯೂಟ್ಯೂಬಿಗೆ ಹಾಕಿದಾಗ, ಹಕ್ಕು ಬೇರೆಯವರದೆಂದು ತಕರಾರು ಬಂತು. ತಾನು ಹೆತ್ತ ಕೂಸನ್ನು ಎತ್ತಿಕೊಳ್ಳಲು ಪರರ ಅಪ್ಪಣೆ ಬೇಕಾಯಿತು. ಕರಾರನ್ನು ತರಿಸಿ ಓದಿ ನೋಡಿದೆ: ಎಲ್ಲ ಹಕ್ಕುಗಳೂ, ಎಲ್ಲ ದೇಶಗಳಿಗೂ, ಶಾಶ್ವತವಾಗಿ.

ಈ ದುಃಖ ಅವಳೊಬ್ಬಳದಲ್ಲ. 1977ರಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ಒಂದು ತೀರ್ಪಿನ ಪ್ರಕಾರ, ನಿರ್ಮಾಪಕರು ಹಣ ಕೊಟ್ಟು ಚಲನಚಿತ್ರಕ್ಕಾಗಿ ಮಾಡಿಸಿಕೊಂಡ ಪದ ಮತ್ತು ಸಂಗೀತಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ಮೊದಲ ಒಡೆಯರು ನಿರ್ಮಾಪಕರೇ. ಕವಿಗಳೂ ಸಂಗೀತಗಾರರೂ ಅದರ ಭಾರವನ್ನು ಮೂರೂವರೆ ದಶಕ ಹೊತ್ತರು. ಕೊನೆಗೆ 2012ರಲ್ಲಿ ಕಾಯಿದೆಗೆ ತಿದ್ದುಪಡಿ ಬಂತು. ಆಗ ರಾಜ್ಯಸಭೆಯ ಸದಸ್ಯರಾಗಿದ್ದ ಕವಿ ಜಾವೇದ್ ಅಖ್ತರ್ ಅದಕ್ಕಾಗಿ ದನಿಯೆತ್ತಿದ್ದರು. ಈಗ ಹಕ್ಕನ್ನು ಬರೆದುಕೊಟ್ಟರೂ ರಾಯಧನದಲ್ಲಿ ಸಮಪಾಲು ಕೇಳುವ ಹಕ್ಕು ಮಾತ್ರ ರಚಿಸಿದವರ ಬಳಿಯೇ ಉಳಿಯುತ್ತದೆ. ಅದನ್ನು ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಹೊರತು ಯಾರಿಗೂ ಬಿಟ್ಟುಕೊಡಲು ಬರುವುದಿಲ್ಲ. ಬಿಟ್ಟುಕೊಟ್ಟೆನೆಂದು ಬರೆದರೂ ಆ ಮಾತಿಗೆ ಬೆಲೆಯಿಲ್ಲ. ಚಿತ್ರಗೀತೆಗಳಲ್ಲದ ಬಿಡಿ ಹಾಡುಗಳಿಗೂ ಈ ರಕ್ಷಣೆಯುಂಟು. ಚಿತ್ರಮಂದಿರದಲ್ಲಿ ಚಿತ್ರದೊಡನೆ ಕೇಳಿಸುವ ಹಾಡಿಗೆ ಮಾತ್ರ ಇದು ಅನ್ವಯಿಸದು. ನನ್ನ ವಿದ್ಯಾರ್ಥಿನಿಗೆ ಇದನ್ನು ಹೇಳಿದಾಗ, "ಇದು ಆ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲವಲ್ಲ ಸಾರ್" ಎಂದಳು. ಇರುವುದಿಲ್ಲ ತಾಯಿ, ಅದು ಕಾಯಿದೆಯಲ್ಲಿ ಇರುತ್ತದೆ.

ಕರಾರಿಗೆ ಸಹಿ ಮಾಡುವ ಮೊದಲು ಐದು ಸಂಗತಿಗಳನ್ನು ಹುಡುಕಿ ನೋಡಿ. ಯಾವ ಹಾಡು, ಅದರ ಯಾವ ಹಕ್ಕು, ಎಷ್ಟು ವರ್ಷಕ್ಕೆ, ಯಾವ ದೇಶಗಳಿಗೆ, ರಾಯಧನ ಎಷ್ಟು. ಅವಧಿಯನ್ನು ಬರೆಯದಿದ್ದರೆ 5 ವರ್ಷವೆಂದು ಕಾಯಿದೆ ಭಾವಿಸುತ್ತದೆ. ಪ್ರದೇಶವನ್ನು ಬರೆಯದಿದ್ದರೆ ಭಾರತವೆಂದಷ್ಟೇ ಭಾವಿಸುತ್ತದೆ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಬೇರೆ ಮಾತು ಬರೆದಿರದ ಪಕ್ಷದಲ್ಲಿ, ಅದು ಅವರಿಂದ ತಪ್ಪಿಹೋಗುತ್ತದೆ. ಆದ್ದರಿಂದ 'ಶಾಶ್ವತವಾಗಿ', 'ವಿಶ್ವದಾದ್ಯಂತ' ಎಂಬ ಎರಡು ಪದಗಳು ಕಂಡರೆ ಲೇಖನಿಯನ್ನು ಕೆಳಗಿಡಿ; ಓದಬಲ್ಲವರೊಬ್ಬರಿಗೆ ತೋರಿಸಿ. ಸಾಧ್ಯವಾದರೆ ಹಕ್ಕನ್ನು ಮಾರುವ ಬದಲು ಒಂದು ಉದ್ದೇಶಕ್ಕೆ, ಒಂದು ಅವಧಿಗೆ ಪರವಾನಗಿ ಮಾತ್ರ ಕೊಡಿ. ಹೊಲವನ್ನು ಗುತ್ತಿಗೆಗೆ ಕೊಡುವುದಕ್ಕೂ ಕ್ರಯಕ್ಕೆ ಬರೆಯುವುದಕ್ಕೂ ಇರುವ ಅಂತರ ನಮ್ಮ ಹಳ್ಳಿಯ ಯಾರಿಗೆ ತಿಳಿಯದು?

ಹೀಗೆ ಕಾಗದವನ್ನು ಕಾಪಾಡಿಕೊಂಡವರು ಗೆದ್ದದ್ದೂ ಉಂಟು. ಸಂಗೀತ ಸಂಯೋಜಕ ರಾಮ್ ಸಂಪತ್ ಅವರು ಒಂದು ಮೊಬೈಲ್ ಫೋನಿನ ಜಾಹೀರಾತಿಗೆ ಮಾಡಿದ್ದ ಧಾಟಿಯನ್ನು 2008ರ 'ಕ್ರೇಜಿ 4' ಎಂಬ ಹಿಂದಿ ಚಿತ್ರದಲ್ಲಿ ಬಳಸಲಾಗಿದೆಯೆಂದು ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಹೋದರು. ಬಿಡುಗಡೆಯ ಹೊಸ್ತಿಲಲ್ಲೇ ಆ ಹಾಡುಗಳಿಗೆ ತಡೆ ಬಂತು. ಕೊನೆಗೆ 2 ಕೋಟಿ ರೂಪಾಯಿಗೆ ರಾಜಿಯಾಯಿತೆಂದು ಪತ್ರಿಕೆಗಳು ವರದಿ ಮಾಡಿದವು. ಧಾಟಿಯ ಹಕ್ಕು ಅವರ ಬಳಿಯೇ ಇದ್ದುದರಿಂದ ಅವರು ನ್ಯಾಯಾಲಯದ ಮೆಟ್ಟಿಲೇರಬಲ್ಲವರಾದರು. ಹಕ್ಕುದಾರರು ತಾವು ವಾಸಿಸುವ ಜಿಲ್ಲೆಯ ನ್ಯಾಯಾಲಯದಲ್ಲಿಯೇ ದಾವೆ ಹೂಡಲು ಕಾಯಿದೆ ಅವಕಾಶ ಕೊಟ್ಟಿದೆ ಎಂಬುದೂ ನಿಮಗೆ ತಿಳಿದಿರಲಿ.

ದೂರದ ಸಂಸ್ಥೆಗಳಿಗಿಂತ ಹೆಚ್ಚಾಗಿ ಮನಸ್ಸು ಕೆಡುವುದು ಹತ್ತಿರದ ಗೆಳೆಯರ ನಡುವೆ. ಒಬ್ಬ ಬರೆದ, ಒಬ್ಬ ರಾಗ ಹಾಕಿದ, ಒಬ್ಬಳು ಹಾಡಿದಳು, ಮತ್ತೊಬ್ಬ ಕೊಳಲು ನುಡಿಸಿದ. ಹಾಡು ಯಾರ ಕಿವಿಗೂ ಬೀಳದಿದ್ದಾಗ ಎಲ್ಲರೂ ಒಂದೇ. ಹತ್ತು ಲಕ್ಷ ಜನ ಕೇಳಿದ ಮೇಲೆ ಪ್ರತಿಯೊಬ್ಬರಿಗೂ ಅದು ತನ್ನದೆನಿಸತೊಡಗುತ್ತದೆ. ಆದ್ದರಿಂದ ಹಾಡನ್ನು ಪ್ರಕಟಿಸುವ ಮೊದಲೇ, ಪ್ರೀತಿ ಇರುವಾಗಲೇ, ಯಾರ ಪಾಲು ಎಷ್ಟೆಂದು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಎಲ್ಲರೂ ಸಹಿ ಮಾಡಿ. ಇದು ಅಪನಂಬಿಕೆಯಲ್ಲ, ಸ್ನೇಹಕ್ಕೆ ಹಾಕುವ ಬೇಲಿ. ಪದ ಬರೆಯುವವರೂ ರಾಗ ಸಂಯೋಜಿಸುವವರೂ ಐಪಿಆರ್‌ಎಸ್ ಎಂಬ ಸಂಘವನ್ನು ಸೇರಬಹುದು. 1969ರಲ್ಲಿ ಆರಂಭವಾಗಿ, 2017ರಲ್ಲಿ ಕಾಯಿದೆಯಡಿ ಮರುನೋಂದಣಿ ಪಡೆದ ಆ ಸಂಘ, ಬಾನುಲಿಯಿಂದಲೂ ಸಭೆಗಳಿಂದಲೂ ಅಂತರಜಾಲದಿಂದಲೂ ರಾಯಧನ ಸಂಗ್ರಹಿಸಿ ಸದಸ್ಯರಿಗೆ ಹಂಚುತ್ತದೆ. ಸೇರುವಾಗ ಕೆಲವು ಹಕ್ಕುಗಳನ್ನು ಸಂಘಕ್ಕೆ ಬರೆದುಕೊಡಬೇಕಾದ್ದರಿಂದ ಆ ಕಾಗದವನ್ನೂ ಓದಿಯೇ ಸಹಿ ಮಾಡಿ.

ಅಮೆರಿಕದಲ್ಲಿದ್ದು ಕನ್ನಡ ಕೂಟಗಳಿಗಾಗಿ ಹಾಡು ಕಟ್ಟುವ ನಮ್ಮ ಮಕ್ಕಳಿಗೂ ಒಂದು ಮಾತು. ಅಲ್ಲಿಯೂ ಹಕ್ಕು ತಾನಾಗಿಯೇ ಹುಟ್ಟುತ್ತದೆ. ಆದರೆ ಅಲ್ಲಿಯೇ ಮೊದಲು ಪ್ರಕಟವಾದ ಹಾಡಿಗಾಗಿ ಅಲ್ಲಿನ ನ್ಯಾಯಾಲಯಕ್ಕೆ ಹೋಗಬೇಕಾದರೆ ಮೊದಲು ನೋಂದಣಿಯಾಗಿರಬೇಕು. 2019ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ಅರ್ಜಿ ಹಾಕಿದರೆ ಸಾಲದು, ನೋಂದಣಿ ಆಗಿರಲೇಬೇಕು ಎಂದು ಸ್ಪಷ್ಟಪಡಿಸಿತು. ಇಲ್ಲಿನ ಉದಾಸೀನ ಅಲ್ಲಿ ನಡೆಯದು.

ಇಷ್ಟನ್ನು ಓದಿದ ಹಿರಿಯರಲ್ಲಿ ಕೆಲವರು ಹುಬ್ಬುಗಂಟಿಕ್ಕಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. "ಸಂಗೀತ ಸರಸ್ವತಿಯ ಪ್ರಸಾದ, ಅದಕ್ಕೆ ಹಕ್ಕುಪತ್ರವೇ? ನಮ್ಮ ದಾಸರು, ಶರಣರು ರಾಯಧನ ಕೇಳಿದರೇ?" ಈ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಎಲ್ಲ ಹಾಡಿಗೂ ಬೇಲಿ ಹಾಕಿದರೆ ನಾಡು ಬಡವಾಗುತ್ತದೆ ಎಂಬುದು ನಿಜ. ಕಾಯಿದೆಯೂ ಅದನ್ನು ಮರೆತಿಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳೂ ಉಪಾಧ್ಯಾಯರೂ ಪೋಷಕರ ಮುಂದೆ ಹಾಡಿದರೆ ಅಪ್ಪಣೆ ಬೇಡ. ಧಾರ್ಮಿಕ ವಿಧಿಗಳಲ್ಲಿ, ಮದುವೆಯ ಮೆರವಣಿಗೆಯಲ್ಲಿ, ಅದಕ್ಕೆ ಸಂಬಂಧಿಸಿದ ಸಮಾರಂಭಗಳಲ್ಲಿ ಹಾಡಿದರೂ ಉಲ್ಲಂಘನೆಯಲ್ಲ. ಹವ್ಯಾಸಿ ತಂಡ ಹಣ ಪಡೆಯದೆ ಶ್ರೋತೃಗಳ ಮುಂದೆ ಹಾಡಿದರೂ ದೋಷವಿಲ್ಲ. ಹಾಡು ಹಬ್ಬುವ ದಾರಿಗಳೆಲ್ಲ ತೆರೆದೇ ಇವೆ.

ದಾಸರು, ಶರಣರು ಹಣ ಕೇಳಲಿಲ್ಲ. ಆದರೆ ಹೆಸರನ್ನು ಬಿಡಲಿಲ್ಲ. ಬಸವಣ್ಣನವರ ವಚನದ ಕೊನೆಯಲ್ಲಿ ಕೂಡಲಸಂಗಮದೇವನಿದ್ದಾನೆ. ಪುರಂದರದಾಸರ ಪದದಲ್ಲಿ ಪುರಂದರವಿಠಲನಿದ್ದಾನೆ. ಆ ಅಂಕಿತ ದೇವರಿಗೆ ಅರ್ಪಣೆಯೂ ಹೌದು, ಇದನ್ನು ಕಟ್ಟಿದವರು ಇಂಥವರು ಎಂಬ ಗುರುತೂ ಹೌದು. ಶತಮಾನಗಳ ಬಳಿಕವೂ ಒಂದು ವಚನ ಅಲ್ಲಮನದೋ ಅಕ್ಕನದೋ ಎಂದು ನಾವು ಹೇಳಬಲ್ಲೆವಾದರೆ ಅದು ಆ ಗುರುತಿನ ಕೃಪೆ. ಕಾಯಿದೆಯ 57ನೆಯ ಕಲಮೂ ಇದೇ ಮಾತನ್ನು ಹೇಳುತ್ತದೆ: ಹಕ್ಕನ್ನು ಮಾರಿದ ಮೇಲೆಯೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರ ರಚಿಸಿದವರಿಗಿದೆ, ಅವರ ಗೌರವಕ್ಕೆ ಕುಂದು ತರುವಂತೆ ಅದನ್ನು ವಿರೂಪಗೊಳಿಸಿದರೆ ತಡೆಯುವ ಅಧಿಕಾರವೂ ಇದೆ. ನಮ್ಮ ಅಂಕಿತ ಅದಕ್ಕೆ ಎಷ್ಟೋ ಹಿಂದಿನದು.

ದಾನ ಕೊಡಬೇಕೆಂದರೂ ವಸ್ತು ತನ್ನದಾಗಿರಬೇಕು. ನಿಮ್ಮ ಹಾಡನ್ನು ನಾಡಿಗೆ ಉಚಿತವಾಗಿ ಕೊಡುವ ಮನಸ್ಸಿದ್ದರೆ ಸಂತೋಷದಿಂದ ಕೊಡಿ. ಆದರೆ ಅದು ನೀವು ಕೊಟ್ಟದ್ದಾಗಿರಲಿ, ಯಾರೋ ಕಿತ್ತುಕೊಂಡದ್ದಾಗದಿರಲಿ. ಇನ್ನು ಮುಂದೆ ನನಗೆ ಹಾಡು ಕಳುಹಿಸುವವರು ಅದರ ಕೆಳಗೆ ಪದ ಯಾರದು, ಧಾಟಿ ಯಾರದು, ಯಾವ ದಿನಾಂಕದ್ದು ಎಂದು ಬರೆದು ಕಳುಹಿಸಬೇಕು. ಬರೆಯದಿದ್ದರೆ ಹಾಡನ್ನು ಕೇಳುತ್ತೇನೆ. ಅಂಕ ಮಾತ್ರ ಕಡಿಮೆ ಕೊಡುತ್ತೇನೆ.